ಜೋ ಲೂಯಿಸ್ ಮತ್ತೆ ಕಣಕ್ಕಿಳಿದದ್ದು ಯಾರಿಗಾಗಿ?

1951ರ ಅಕ್ಟೋಬರ್ 26ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರಾಕಿ ಮಾರ್ಸಿಯಾನೊನ ಹೊಡೆತಕ್ಕೆ ಜೋ ಲೂಯಿಸ್ ಹಗ್ಗಗಳ ನಡುವಿನಿಂದ ಹೊರಕ್ಕೆ ಉರುಳಿಬಿದ್ದ. ಅದು ಎಂಟನೆಯ ಸುತ್ತು. ಮಾರ್ಸಿಯಾನೊಗೆ 28 ವರ್ಷ, ಲೂಯಿಸ್‌ಗೆ 37. ಸುಮಾರು ಹನ್ನೆರಡು ವರ್ಷ ಹೆವಿವೇಯ್ಟ್ ಪಟ್ಟವನ್ನು ಕೈಬಿಡದೆ, 25 ಬಾರಿ ಉಳಿಸಿಕೊಂಡು, 1949ರ ಮಾರ್ಚ್‌ನಲ್ಲಿ ಚಾಂಪಿಯನ್ ಆಗಿಯೇ ನಿವೃತ್ತನಾಗಿದ್ದವನು ಇವನು. ವಯಸ್ಸಾದ ಬಾಕ್ಸರ್ ಮರಳಿ ಬಂದಾಗಲೆಲ್ಲ ಚಪ್ಪಾಳೆಯ ಚಪಲ, ವಯಸ್ಸನ್ನು ಒಪ್ಪದ ಹಟ ಎಂದು ಅವನ ಮನಸ್ಸಿನಲ್ಲೇ ಕಾರಣ ಹುಡುಕುವುದು ರೂಢಿ. ಲೂಯಿಸ್‌ನ ಮಟ್ಟಿಗೆ ಆ ಕಾರಣ ಸಾಲದು. ಅವನನ್ನು ಹೊರಗೆಳೆದು ತಂದದ್ದು ಮುಖ್ಯವಾಗಿ ತೆರಿಗೆಯ ಬಾಕಿ, ಮತ್ತು ಆ ಬಾಕಿ ಬೆಳೆದ ಬಗೆಯಲ್ಲಿ ಅವನ ದೇಶದ ಪಾಲೂ ಇತ್ತು.

1942ರ ಜನವರಿಯಲ್ಲಿ ಬಡ್ಡಿ ಬೇರ್ ವಿರುದ್ಧ ಗೆದ್ದು ಬಂದ ಹಣವನ್ನು ಲೂಯಿಸ್ ನೌಕಾಪಡೆಯ ಪರಿಹಾರ ನಿಧಿಗೆ ಕೊಟ್ಟ. ಮಾರ್ಚ್‌ನಲ್ಲಿ ಏಬ್ ಸೈಮನ್ ವಿರುದ್ಧದ ಗಳಿಕೆಯನ್ನು ಭೂಸೇನೆಯ ನಿಧಿಗೆ ಕೊಟ್ಟ. ಕಪ್ಪು ಜನರನ್ನು ಬೇರೆ ತುಕಡಿಗಳಲ್ಲಿ ಇರಿಸುತ್ತಿದ್ದ ಸೇನೆಗೆ ತಾನೇ ಸೇರಿದ. ಯುದ್ಧ ಮುಗಿಯುವವರೆಗೂ ಸಿಪಾಯಿಯ ಸಂಬಳಕ್ಕೆ ಊರೂರು ತಿರುಗಿ ಸೈನಿಕರೆದುರು ನೂರರ ಸಮೀಪ ಪ್ರದರ್ಶನ ಪಂದ್ಯಗಳನ್ನು ಆಡಿದ. ಒಬ್ಬ ಬಾಕ್ಸರ್ ಅತಿ ಹೆಚ್ಚು ಗಳಿಸಬಲ್ಲ ವಯಸ್ಸು ಹೀಗೆ ಕಳೆಯಿತು. ಮನೆಖರ್ಚಿಗೆ ಮ್ಯಾನೇಜರುಗಳಿಂದಲೂ ಪಂದ್ಯ ಏರ್ಪಡಿಸುತ್ತಿದ್ದ ಮೈಕ್ ಜೇಕಬ್ಸ್‌ನಿಂದಲೂ ಸಾಲ ಎತ್ತಿದ. 1946ರಲ್ಲಿ ಬಿಲ್ಲಿ ಕಾನ್ ವಿರುದ್ಧ ದೊಡ್ಡ ಮೊತ್ತವೇ ಬಂದರೂ ಹಳೆಯ ಸಾಲಗಳು, ಮ್ಯಾನೇಜರರ ಪಾಲು, ತೆರಿಗೆ ಎಲ್ಲವೂ ಅದರ ಮೇಲೇ ಬಿದ್ದವು. 1950ರ ಹೊತ್ತಿಗೆ ಸರ್ಕಾರ ಅವನಿಂದ ಕೇಳುತ್ತಿದ್ದದ್ದು ಸುಮಾರು 5 ಲಕ್ಷ ಡಾಲರ್. ಆ ವರ್ಷ ಸೆಪ್ಟೆಂಬರ್ 27ರಂದು ಎಝರ್ಡ್ ಚಾರ್ಲ್ಸ್ ವಿರುದ್ಧ ಯಾಂಕೀ ಸ್ಟೇಡಿಯಂನಲ್ಲಿ ಹದಿನೈದು ಸುತ್ತು ಹೊಡೆತ ತಿಂದು ಸೋತಾಗ ಅವನ ಪಾಲಿಗೆ ಬಂದದ್ದು ಸುಮಾರು 1 ಲಕ್ಷ. ಅತಿ ಹೆಚ್ಚಿನ ಆದಾಯದ ಮೇಲಿನ ತೆರಿಗೆ ಆಗ ನೂರಕ್ಕೆ 80ನ್ನೂ ಮೀರಿತ್ತು. ಹಳೆಯ ಬಾಕಿ ತೀರಿಸಲು ಆಡಿದ ಪಂದ್ಯವೇ ಹೊಸ ತೆರಿಗೆಯನ್ನು ಹೇರುತ್ತಿತ್ತು. ಇಂಥ ಲೆಕ್ಕದಲ್ಲಿ ಕೊನೆಯ ಪಂದ್ಯ ಎಂಬುದಕ್ಕೆ ಕೊನೆಯೇ ಇರಲಿಲ್ಲ. ಚಾರ್ಲ್ಸ್‌ಗೆ ಸೋತ ಮೇಲೂ ಅವನು ಎಂಟು ಪಂದ್ಯ ಆಡಿ ಗೆದ್ದ, ಆಮೇಲೆ ಮಾರ್ಸಿಯಾನೊನ ಎದುರು ನಿಂತ.

ಲೂಯಿಸ್ ದುಂದುಗಾರ, ಗಾಲ್ಫ್ ಪಣದಲ್ಲೂ ನಷ್ಟದ ವ್ಯಾಪಾರಗಳಲ್ಲೂ ಹಣ ಕಳೆದವನು ಎಂಬ ಆಕ್ಷೇಪವಿದೆ. ಅದು ಸುಳ್ಳಲ್ಲ. ಅವನ ಕೈ ಉದಾರವಾಗಿತ್ತು, ಲೆಕ್ಕ ಇಡುವ ಅಭ್ಯಾಸ ಇರಲಿಲ್ಲ. ಆದರೆ ಶಾಲೆ ಅರ್ಧಕ್ಕೆ ಬಿಟ್ಟ ಅಲಬಾಮದ ಗೇಣಿ ರೈತನ ಮಗನ ಗಳಿಕೆಯಲ್ಲಿ ಪಾಲು ಪಡೆದ ಬಲ್ಲವರೇ ಅವನ ತೆರಿಗೆಯ ಲೆಕ್ಕವನ್ನು ಸರಿಯಾಗಿ ನೋಡಲಿಲ್ಲ. ದುಂದಿಗೆ ಬಡತನವೇ ಸಾಕಷ್ಟು ಶಿಕ್ಷೆ. ಮುಪ್ಪಿನ ತಲೆಗೆ ಪೆಟ್ಟು ತಿನ್ನಿಸುವುದನ್ನು ನ್ಯಾಯ ಎನ್ನಲಾಗದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಕ್ಕೆ ಆಧಾರ ಬಾಕ್ಸರ್ ಜಾರ್ಜ್ ಫೋರ್‌ಮನ್‌ನ ಉದಾಹರಣೆ. 1977ರಲ್ಲಿ ಕಣ ಬಿಟ್ಟವನು ಹತ್ತು ವರ್ಷದ ಮೇಲೆ ಮರಳಿ, 1994ರ ನವೆಂಬರ್ 5ರಂದು 45ನೆಯ ವಯಸ್ಸಿನಲ್ಲಿ ಮೈಕೆಲ್ ಮೂರರ್‌ನನ್ನು ಹತ್ತನೆಯ ಸುತ್ತಿನಲ್ಲಿ ಕೆಡವಿ ಪಟ್ಟ ಗೆದ್ದ. ಮರಳುವುದೆಲ್ಲ ದುರಂತವಲ್ಲ ಎನ್ನಲು ಇಷ್ಟು ಸಾಕು. ಆದರೆ ಅವನಿಗೂ ಹ್ಯೂಸ್ಟನ್ನಿನಲ್ಲಿ ತಾನು ನಡೆಸುತ್ತಿದ್ದ ಯುವಕೇಂದ್ರಕ್ಕೆ ಹಣ ಬೇಕಿತ್ತು. ವ್ಯತ್ಯಾಸವಿದ್ದದ್ದು ಬಿಡುವಿನಲ್ಲಿ: ಅವನು ವರ್ಷಗಟ್ಟಲೆ ಸಾಧಾರಣ ಎದುರಾಳಿಗಳೊಂದಿಗೆ ಆಡಿ ಮೈಯನ್ನು ಹದಕ್ಕೆ ತಂದುಕೊಂಡ. ಲೂಯಿಸ್ ಮರಳಿದ ಮೊದಲ ಪಂದ್ಯವೇ ಹಾಲಿ ಚಾಂಪಿಯನ್ ಚಾರ್ಲ್ಸ್‌ನ ಎದುರು, ಏಕೆಂದರೆ ದೊಡ್ಡ ಹಣ ಅಲ್ಲೇ ಇತ್ತು. 1910ರಲ್ಲಿ ಮಾಜಿ ಚಾಂಪಿಯನ್ ಜಿಮ್ ಜೆಫ್ರೀಸ್‌ಗೂ ಇಂಥ ಬಿಡುವು ಸಿಗಲಿಲ್ಲ. ಐದು ವರ್ಷ ಕಣದಿಂದ ದೂರವಿದ್ದ ಅವನನ್ನು, ಕಪ್ಪು ಚಾಂಪಿಯನ್ ಜ್ಯಾಕ್ ಜಾನ್ಸನ್‌ನನ್ನು ಸಹಿಸಲಾರದ ಬಿಳಿಯರ ಪತ್ರಿಕೆಗಳು ಕಾಡಿ ರೀನೋಗೆ ಇಳಿಸಿದವು. ಹದಿನೈದನೆಯ ಸುತ್ತಿನಲ್ಲಿ ಅವನು ಸೋತ. ಅದೇ ರಾತ್ರಿ ದೇಶದ ಹಲವು ಊರುಗಳಲ್ಲಿ ಕಪ್ಪು ಜನರ ಮೇಲೆ ದಾಳಿಗಳಾದವು.

ಬಾಕ್ಸರನೇ ಒಪ್ಪಿ ಸಹಿ ಹಾಕುತ್ತಾನಲ್ಲ ಎಂದು ಕೇಳಬಹುದು. ಸಹಿ ಅವನದೇ, ನಿಜ. ಬೇರೆ ದಾರಿ ಅವನಿಗೆ ಇತ್ತೇ ಎಂಬುದನ್ನೂ ಜೊತೆಗೇ ಕೇಳಬೇಕು. 1960ರ ದಶಕದ ಆರಂಭದಲ್ಲಿ ಅಮೆರಿಕದ ತೆರಿಗೆ ಇಲಾಖೆ ಲೂಯಿಸ್‌ನಿಂದ ಹಳೆಯ ಬಾಕಿ ಹುಟ್ಟುವುದಿಲ್ಲವೆಂದು ಒಪ್ಪಿ, ಆಗಿನ ಗಳಿಕೆಗೆ ಮಾತ್ರ ತೆರಿಗೆ ಕಟ್ಟಿದರೆ ಸಾಕೆಂದಿತು. ಅದೇ ರಿಯಾಯಿತಿಯನ್ನು 1950ರಲ್ಲೇ ಕೊಡಬಹುದಿತ್ತು.