ಬೆಂಕಿ ಎಲ್ಲಿದೆ, ದಾರಿ ಎಲ್ಲಿದೆ?

ನಮ್ಮೂರು ಕಾಡಂಚಿನ ಹಳ್ಳಿ. ಸೋದರಮಾವ ಅಲ್ಲಿ ಫಾರೆಸ್ಟ್ ವಾಚರ್. ಎರಡು ವರ್ಷದ ಹಿಂದೆ, ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಬೆಂಗಳೂರಿನ ಆಫೀಸಲ್ಲಿ ಕೂತಿದ್ದ ನನ್ನ ಮೊಬೈಲಿಗೆ ಉಪಗ್ರಹ ಕಂಡ ಬೆಂಕಿಯ ಸಂದೇಶ ಬಂತು. ನಮ್ಮೂರ ಕಡೆಯದೇ. ತಕ್ಷಣ ಮಾವನಿಗೆ ಫೋನ್ ಮಾಡಿ ಅಕ್ಷಾಂಶ, ರೇಖಾಂಶ ಓದಿ ಹೇಳಿದೆ.

"ಅದೆಲ್ಲ ಬುಡಪ್ಪ, ಯಾವ ಹಳ್ಳದ ಹತ್ರ ಅಂತ ಯೋಳು" ಅಂದ್ರು. ನನಗೆ ಹೇಳೋಕೆ ಆಗಲಿಲ್ಲ.

ಮಾವ ಕೇಳಿದ ಪ್ರಶ್ನೆ ಹಳೇದು. 1910ರ ಆಗಸ್ಟ್ 20 ಮತ್ತು 21ರಂದು ಅಮೆರಿಕದ ಐಡಾಹೊ, ಮೊಂಟಾನಾ ಸೀಮೆಯಲ್ಲಿ ಸುಮಾರು 30 ಲಕ್ಷ ಎಕರೆ ಕಾಡು ಸುಟ್ಟುಹೋಯಿತು. ಸತ್ತವರು 80ಕ್ಕೂ ಹೆಚ್ಚು, ಬಹುಪಾಲು ಬೆಂಕಿ ಆರಿಸಲು ಹೋದವರೇ. ವಾಲೇಸ್ ಎಂಬ ಊರಿನ ಬಳಿ ಎಡ್ ಪುಲಾಸ್ಕಿ ಅನ್ನೋ ರೇಂಜರ್ ಸುಮಾರು 45 ಜನರ ಜೊತೆ ಬೆಂಕಿಯ ನಡುವೆ ಸಿಕ್ಕಿಬಿದ್ದ. ಆ ಬೆಟ್ಟದಲ್ಲಿ ಹಳೇ ಗಣಿ ಸುರಂಗ ಎಲ್ಲಿದೆ ಅಂತ ಅವನಿಗೆ ಗೊತ್ತಿತ್ತು. ಹೊಗೆಯಲ್ಲೇ ಎಲ್ಲರನ್ನೂ ಅಲ್ಲಿಗೆ ನಡೆಸಿದ. ಒಳಗೆ ಕೆಲವರು ತೀರಿಕೊಂಡರು, ಹೆಚ್ಚಿನವರು ಬದುಕಿದರು. ಅವರನ್ನು ಉಳಿಸಿದ ಭೂಪಟ ಅವನ ತಲೆಯಲ್ಲಿತ್ತು.

ಬೆಂಕಿ ಸಣ್ಣದಿರುವಾಗಲೇ ತಲುಪಬೇಕು ಅನ್ನೋದು ಆಮೇಲೆ ಅಲ್ಲಿನ ಅರಣ್ಯ ಸೇವೆಗೆ ಹಠವೇ ಆಯಿತು. 1935ರಲ್ಲಂತೂ, ಇವತ್ತು ಕಂಡ ಬೆಂಕಿ ನಾಳೆ ಬೆಳಿಗ್ಗೆ ಹತ್ತರೊಳಗೆ ಹತೋಟಿಗೆ ಬರಲೇಬೇಕು ಅಂತ ನಿಯಮ ಮಾಡಿದರು. ಇದಕ್ಕೆ ನೆರವಾದದ್ದು 1911ರ ಸುಮಾರಿಗೆ ಆಸ್ಬಾರ್ನ್ ಎಂಬ ಅರಣ್ಯ ನೌಕರ ರೂಪಿಸಲು ಶುರುಮಾಡಿದ ಸಾಧನ. ದುಂಡನೆಯ ಭೂಪಟ, ನಡುವೆ ಕಾವಲು ಗೋಪುರದ ಜಾಗ, ಸುತ್ತ ತಿರುಗುವ ಬಳೆ. ಬಳೆಯ ಕಿಂಡಿಯಿಂದ ಹೊಗೆಗೆ ಗುರಿಯಿಟ್ಟು ದಿಕ್ಕಿನ ಡಿಗ್ರಿಯನ್ನು ಫೋನಿನಲ್ಲಿ ಹೇಳೋದು. ಎರಡು ಗೋಪುರಗಳ ಗೆರೆ ಕೂಡಿದ ಕಡೆ ಬೆಂಕಿ. ಸರಳ ಜ್ಯಾಮಿತಿ!

ಈಗ ಗೋಪುರದ ಕೆಲಸ ಆಕಾಶಕ್ಕೆ ಹೋಗಿದೆ. 1999ರಲ್ಲಿ ಹಾರಿದ ಟೆರಾ ಉಪಗ್ರಹದ ಬೆಂಕಿ ಚುಕ್ಕಿ ಒಂದು ಕಿಲೋಮೀಟರ್ ಅಗಲ. 2011ರ ಸುಓಮಿ ಉಪಗ್ರಹದ್ದು 375 ಮೀಟರ್. ನಮ್ಮಲ್ಲಿ ಫಾರೆಸ್ಟ್ ಸರ್ವೆ ಆಫ್ ಇಂಡಿಯಾ 2004ರಿಂದ ಉಪಗ್ರಹದ ಮೂಲಕ ಕಾಳ್ಗಿಚ್ಚನ್ನು ಗಮನಿಸುತ್ತಿದೆ. ಆದರೆ 375 ಮೀಟರ್ ಚೌಕ ಅಂದರೆ ಸುಮಾರು 35 ಎಕರೆ. ಬೆಂಕಿ ಅದರೊಳಗೆ ಎಲ್ಲಿ ಬೇಕಾದರೂ ಇರಬಹುದು. ಉಪಗ್ರಹ ಮತ್ತೆ ಬರೋ ಹೊತ್ತಿಗೆ ಗಾಳಿ ಅದನ್ನು ಎತ್ತಲೋ ಒಯ್ದಿರುತ್ತದೆ. ಅಲ್ಲಿಗೆ ಹೋಗೋ ಕಾಲುದಾರಿ ಯಾವುದು, ಲಂಟಾನ ಎಲ್ಲಿ ಕಟ್ಟಿಕೊಂಡಿದೆ, ಓಡಬೇಕಾದರೆ ಯಾವ ಕಡೆ? ಚುಕ್ಕಿ ಇದನ್ನು ಹೇಳಲ್ಲ.

ಅವತ್ತು ಮಾವನೇ ಹೊಗೆ ನೋಡಿ ಜಾಗ ಗುರುತಿಸಿದರು. ಹಸಿ ಸೊಪ್ಪಿನಲ್ಲಿ ಬಡಿದು ಆರಿಸಿ ಬಂದಾಗ ಕತ್ತಲಾಗಿತ್ತಂತೆ.

ಮುಂದಿನ ಯುಗಾದಿಗೆ ಊರಿಗೆ ಹೋದಾಗ ಕಾಡಂಚಿನ ದಾರಿಯಲ್ಲಿ ಅವರ ಹಿಂದೆ ನಡೆದೆ. ಅವರು ಹಳ್ಳ, ಕಟ್ಟೆ, ದಿಣ್ಣೆಗಳ ಹೆಸರು ಹೇಳಿದರು, ನಾನು ಮೊಬೈಲಿನಲ್ಲಿ ಜಾಗ ಗುರುತು ಮಾಡಿಕೊಂಡೆ. ಒಟ್ಟು 23 ಹೆಸರು. ಅದರಲ್ಲಿ ಒಂದೂ ನನ್ನ ಮೊಬೈಲಿನ ಭೂಪಟದಲ್ಲಿ ಇರಲಿಲ್ಲ. ಮಾವನಿಗೆ ಈಗ ಅರವತ್ತರ ಹತ್ತಿರ. ಇನ್ನೂ ಅರ್ಧ ಕಾಡು ಬಾಕಿ ಇದೆ.