ಗುಲಗಂಜಿಯಷ್ಟು ಹೆಚ್ಚು

ತಿರುಮಕೂಡಲು ನರಸೀಪುರದಲ್ಲಿ, ಕಾವೇರಿ ಕಪಿಲೆಗಳು ಕೂಡುವೆಡೆಯಲ್ಲಿ, ಗುಂಜಾ ನರಸಿಂಹಸ್ವಾಮಿಯ ದೇವಾಲಯವಿದೆ. ಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆಯೆಂದೂ, ಪುಣ್ಯದಲ್ಲಿ ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿಯಷ್ಟು ತೂಕ ಹೆಚ್ಚೆಂದೂ ಆ ಸೀಮೆಯ ಜನ ಹೇಳುತ್ತಾರೆ. ಗುಲಗಂಜಿ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಕಾಳು. ಭಕ್ತಿಯ ತಕ್ಕಡಿಯಲ್ಲಿ ಅಷ್ಟು ಹೆಚ್ಚಾದರೆ ಸಾಕು, ಮರುಪ್ರಶ್ನೆಯಿಲ್ಲ. ಆದರೆ ಎರಡು ಗುಂಪಿನ ರೋಗಿಗಳಿಗೆ ಎರಡು ಬಗೆಯ ಔಷಧ ಕೊಟ್ಟು, ಒಂದು ಗುಂಪಿನ ಸರಾಸರಿ ಗುಣ ಇನ್ನೊಂದಕ್ಕಿಂತ ಗುಲಗಂಜಿಯಷ್ಟು ಹೆಚ್ಚೆಂದು ಕಂಡಾಗ, ಅದು ಔಷಧದ ತೂಕವೋ, ಗಾಳಿಗೆ ತಕ್ಕಡಿಯ ಮುಳ್ಳು ಅಲುಗಿದ್ದೋ ಎಂದು ಕೇಳಲೇಬೇಕಾಗುತ್ತದೆ. ಆ ಪ್ರಶ್ನೆಯ ಇತಿಹಾಸದಲ್ಲಿ ನಮ್ಮ ಮೈಸೂರಿಗೂ ಒಂದು ಪುಟವಿದೆ.

ಕಪಿಲೆಯ ದಂಡೆ ಹಿಡಿದು ಮೇಲಕ್ಕೆ ಹೋದರೆ ನಂಜನಗೂಡು. ನಂಜುಂಡ ದೇವರು ರೋಗಹರನೆಂದು ನಂಬಿ ತಲೆಮಾರುಗಳಿಂದ ರೋಗಿಗಳು ಅಲ್ಲಿಗೆ ಹರಕೆ ಹೊತ್ತು ಬಂದಿದ್ದಾರೆ, ಉರುಳುಸೇವೆ ಮಾಡಿದ್ದಾರೆ. ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣಿನ ಬೇನೆ ಇಲ್ಲಿ ವಾಸಿಯಾಯಿತೆಂದೂ, ಅದಕ್ಕಾಗಿ ಆತ ಪಚ್ಚೆಯ ಲಿಂಗವನ್ನು ಅರ್ಪಿಸಿ ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದನೆಂದೂ ಐತಿಹ್ಯ. ಆ ಐತಿಹ್ಯವನ್ನು ತಕ್ಕಡಿಗೆ ಹಾಕುವುದು ನನ್ನ ಉದ್ದೇಶವಲ್ಲ. ಅದರ ಆಕಾರವನ್ನಷ್ಟೇ ನೋಡೋಣ: ಒಂದು ಬೇನೆ, ಒಂದು ಉಪಾಯ, ಒಂದು ವಾಸಿ. ಪಂಡಿತರ, ಹಕೀಮರ, ಡಾಕ್ಟರರ ಅನುಭವವೂ ಬಹುಕಾಲ ಇದೇ ಆಕಾರದಲ್ಲಿತ್ತು. ಎಷ್ಟೋ ಬೇನೆಗಳು ತಾವಾಗಿಯೇ ಇಳಿಯುತ್ತವೆ. ವಾಸಿಯಾದವನು ಊರಿಗೆಲ್ಲ ಹೇಳುತ್ತಾನೆ. ವಾಸಿಯಾಗದವನ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಇದಕ್ಕೊಂದು ಅಳತೆಗೋಲು ಒದಗಿದ್ದು ಆಸ್ಪತ್ರೆಯಿಂದಲ್ಲ, ಒಂದು ಬಿಯರ್ ಕಾರ್ಖಾನೆಯಿಂದ. ಡಬ್ಲಿನ್ನಿನ ಗಿನ್ನೆಸ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್, ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ 1908ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅವರು ಆರಿಸಿಕೊಂಡ ಒಂದು ಉದಾಹರಣೆ ರೋಗಿಗಳದ್ದೇ. ಅಮೆರಿಕದ ಕಲಮಜೂ ಎಂಬ ಊರಿನ ಮಾನಸಿಕ ಆಸ್ಪತ್ರೆಯಲ್ಲಿ 10 ಮಂದಿಗೆ ಎರಡು ನಿದ್ರೆ ಔಷಧಗಳನ್ನು ಕೊಟ್ಟು ನೋಡಿದ್ದರು. ಒಂದರಿಂದ ಸರಾಸರಿ 0.75 ಗಂಟೆ, ಇನ್ನೊಂದರಿಂದ 2.33 ಗಂಟೆ ಹೆಚ್ಚಿನ ನಿದ್ರೆ ಬಂದಿತ್ತು. ಅಂತರ 1.58 ಗಂಟೆ. ಆದರೆ ಈ ಅಂತರ ಎಲ್ಲರಲ್ಲಿ ಒಂದೇ ಸಮನಾಗಿರಲಿಲ್ಲ: ಒಬ್ಬನಲ್ಲಿ ಸೊನ್ನೆ, ಇನ್ನೊಬ್ಬನಲ್ಲಿ 4.6 ಗಂಟೆ. ಗಾಸೆಟ್ ಸರಾಸರಿಯ ಅಂತರವನ್ನು ಈ ಚದುರುವಿಕೆಯ ಎದುರಿಗಿಟ್ಟು ತೂಗಿದರು. ರೋಗಿಗಳು ಕಡಿಮೆಯಾದಷ್ಟೂ ಮುಳ್ಳಿನ ಅಲುಗಾಟ ಹೆಚ್ಚು. ಅದಕ್ಕೆ ತಕ್ಕ ಲೆಕ್ಕವನ್ನು ಕಟ್ಟಿಕೊಟ್ಟದ್ದೇ ಅವರ ಹಿರಿಮೆ. ಎರಡನೆಯ ಔಷಧವೇ ಮೇಲೆನ್ನಲು ಸುಮಾರು 666ಕ್ಕೆ 1ರ ಪಂತ ಕಟ್ಟಬಹುದೆಂದು ಅವರು ಬರೆದರು. ಮುಂದೆ 1925ರಲ್ಲಿ ಬಂದ ಆರ್. ಎ. ಫಿಷರರ ಗ್ರಂಥದಿಂದ 20ಕ್ಕೆ 1ರ ಗೆರೆ ರೂಢಿಗೆ ಬಂತು. ನಿಜವಾಗಿ ಭೇದವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ಅಂತರ ಆಕಸ್ಮಿಕವಾಗಿ ಕಾಣುವ ಸಂಭವ ನೂರಕ್ಕೆ ಐದಕ್ಕಿಂತ ಕಡಿಮೆಯಾದರೆ, ಅಂತರವನ್ನು ಗಣನೀಯವೆನ್ನುವುದು ವಾಡಿಕೆಯಾಯಿತು.

ಇನ್ನು ಮೈಸೂರಿನ ಪುಟ. ನಂಜನಗೂಡು, ನರಸೀಪುರಗಳೆರಡಕ್ಕೂ ಜಿಲ್ಲಾ ಕೇಂದ್ರವಾದ ಈ ನಗರದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನ ಮಿಷನ್ ಆಸ್ಪತ್ರೆಯೆಂದೇ ಬಲ್ಲರು. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಯಾವ ಸಿದ್ಧಾಂತದ ಹಂಗೂ ಇಲ್ಲದೆ, ದಿನದ ಕೆಲಸವೆಂದು ಬರೆದ ಬರಹ ಅದು. 1934–54ರ ನಡುವೆ ಅಲ್ಲಿ ಹುಟ್ಟಿ, ಆಸ್ಪತ್ರೆಯ ಸಮೀಪದಲ್ಲೇ ಬಾಳುತ್ತಿದ್ದ 517 ಮಂದಿಯನ್ನು ಸಂಶೋಧಕರು ಪರೀಕ್ಷಿಸಿ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಇಲ್ಲಿ ತೂಗಿದ್ದು ಸರಾಸರಿಗೆ ಬದಲು ಶೇಕಡಾ ಪ್ರಮಾಣವನ್ನು. ಪ್ರಶ್ನೆ ಮಾತ್ರ ಅದೇ. ಹುಟ್ಟುವಾಗ 2.5 ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇ. 11, 3.1 ಕಿಲೋ ಅಥವಾ ಹೆಚ್ಚು ಇದ್ದವರಲ್ಲಿ ಶೇ. 3. ಎಲ್ಲರನ್ನೂ ಸೇರಿಸಿ ತೂಗಿದಾಗ ಆಕಸ್ಮಿಕದ ಸಂಭವ ನೂರಕ್ಕೆ 9. 45 ವರ್ಷ ದಾಟಿದವರಲ್ಲಿ ನೂರಕ್ಕೆ 3. ಒಂದು ಗೆರೆಯ ಆಚೆ, ಇನ್ನೊಂದು ಈಚೆ.

ಹಾಗಾದರೆ ಮೊದಲನೆಯದು ಸುಳ್ಳು, ಎರಡನೆಯದು ಸಿದ್ಧಸತ್ಯ ಎನ್ನೋಣವೇ? ಹಾಗೆನ್ನುವವರು ಗೆರೆಯನ್ನೇ ದೇವರು ಮಾಡಿಕೊಂಡವರು. ಗೆರೆ ದಾಟಿತೆಂಬ ಒಂದೇ ಕಾರಣಕ್ಕೆ ತೀರ್ಮಾನ ಕೊಡಬಾರದೆಂದೂ, ಆ ಸಂಖ್ಯೆ ಪರಿಣಾಮದ ಗಾತ್ರವನ್ನು ಹೇಳುವುದಿಲ್ಲವೆಂದೂ ಅಮೆರಿಕದ ಸಂಖ್ಯಾಶಾಸ್ತ್ರ ಸಂಘವೇ 2016ರಲ್ಲಿ ಎಚ್ಚರಿಸಿತು. ಸಾವಿರಾರು ಮಂದಿಯನ್ನು ತೂಗಿದರೆ ಗುಲಗಂಜಿಯಷ್ಟು ಅಂತರವೂ ಗಣನೀಯವೆನಿಸಬಹುದು; ರೋಗಿಗೆ ಅದರಿಂದ ಏನೂ ಪ್ರಯೋಜನವಾಗದಿರಬಹುದು. ಇತ್ತ ಕೆಲವೇ ಮಂದಿ ಇದ್ದರೆ ದೊಡ್ಡ ಅಂತರವೂ ಗೆರೆಯ ಆಚೆಯೇ ಉಳಿಯಬಹುದು. ಇಂಥ ಹೋಲಿಕೆ ಕಾರಣವನ್ನೂ ತಾನಾಗಿ ಹೇಳಿಕೊಡದು. ಇದೇ ದಾಖಲೆಗಳಿಂದ ಸಕ್ಕರೆ ಕಾಯಿಲೆಯನ್ನು ವಿಚಾರಿಸಿದಾಗ ಬೇರೆ ಉತ್ತರ ಬಂತು: ಅಲ್ಲಿ ಹೆಚ್ಚು ಬಾಧೆಗೊಳಗಾದವರು ಹುಟ್ಟುವಾಗ ಗಿಡ್ಡವಾಗಿ, ಉದ್ದಕ್ಕೆ ಮೀರಿದ ತೂಕವಿದ್ದವರು.

ಆದರೂ 1996ರ ಆ ಬರಹದ ಒಂದು ಅಂಶವನ್ನು ನಾನು ಮರೆಯಲಾರೆ. ಹೃದಯದ ಕಾಯಿಲೆ ಎಲ್ಲಕ್ಕಿಂತ ಹೆಚ್ಚಾಗಿ, ಅಂದರೆ ಶೇ. 20ರಷ್ಟು, ಕಂಡದ್ದು ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ. ಅದರಲ್ಲೂ ಗರ್ಭ ಧರಿಸಿದಾಗ 45 ಕಿಲೋ ಕೂಡ ತೂಗದಿದ್ದ ತಾಯಂದಿರ ಮಕ್ಕಳಲ್ಲಿ. ಎಲ್ಲರಿಗೂ ಬಡಿಸಿದ ಮೇಲೆ ಉಳಿದುದನ್ನು ಉಂಡ ತಾಯಂದಿರನ್ನು ನಮ್ಮಲ್ಲಿ ಯಾರು ಕಂಡಿಲ್ಲ? ನಂಜನಗೂಡಿಗೆ ಹರಕೆ ಹೊತ್ತು ಬರುವ ಬಸುರಿಯಾಗಲಿ, ಸಂಗಮದಲ್ಲಿ ಮೀಯುವ ಬಸುರಿಯಾಗಲಿ, ಅವಳ ತಟ್ಟೆಯಲ್ಲಿ ಏನಿತ್ತು ಎಂಬುದನ್ನು ಮೊದಲು ಕೇಳಬೇಕು. ಆ ಪ್ರಶ್ನೆ ಕೇಳುವುದಕ್ಕೆ ಯಾವ ಗೆರೆ ದಾಟುವವರೆಗೂ ಕಾಯಬೇಕಾಗಿಲ್ಲ.