ತಳ್ಳುವ ಚಕ್ರ, ಎಳೆಯುವ ಚಕ್ರ

ಗ್ಯಾರೇಜಿನವರು ‘ಅಲೈನ್‌ಮೆಂಟ್ ಮಾಡಿಸಿ’ ಎಂದಾಗ ನಾವೆಲ್ಲ ತಲೆಯಾಡಿಸಿ ದುಡ್ಡು ಕೊಟ್ಟು ಬರುತ್ತೇವೆ. ಆ ಮಾತಿನ ಹಿಂದೆ ಇನ್ನೂರು ವರ್ಷದ ಕಥೆಯಿದೆ.

ಹಳೆಯ ನಾಲ್ಕು ಚಕ್ರದ ಕುದುರೆಗಾಡಿ ತಿರುಗಬೇಕಾದರೆ ಮುಂದಿನ ಅಚ್ಚು ಇಡಿಯಾಗಿ ತಿರುಗಬೇಕಿತ್ತು. ಜರ್ಮನಿಯ ಮ್ಯೂನಿಕ್‌ನಲ್ಲಿ ಗಾಡಿ ಕಟ್ಟುತ್ತಿದ್ದ ಲಾಂಕೆನ್‌ಸ್ಪೆರ್ಗರ್ ಎಂಬಾತ 1817ರ ಹೊತ್ತಿಗೆ ಅಚ್ಚನ್ನು ಹಾಗೇ ಬಿಟ್ಟು ಚಕ್ರಗಳು ಮಾತ್ರ ತಿರುಗುವಂತೆ ಮಾಡಿದ. 1818ರಲ್ಲಿ ಲಂಡನ್ನಿನಲ್ಲಿ ಅದಕ್ಕೆ ಪೇಟೆಂಟ್ ತೆಗೆಸಿದವನು ಅವನ ಏಜೆಂಟ್ ಆಕರ್ಮನ್. ಹೆಸರು ಉಳಿದದ್ದು ಏಜೆಂಟನದೇ! ಎರಡು ಚಕ್ರಗಳು ಬೇರೆ ಬೇರೆ ಕೀಲಿನ ಮೇಲೆ ನಿಂತ ಮೇಲೆ ಅವು ಒಂದಕ್ಕೊಂದು ಸರಿಯಾಗಿವೆಯೇ ಎಂದು ಅಳೆಯುವ ಕೆಲಸವೂ ಬಂತು.

ಅಂಬಾಸಿಡರ್, ಫಿಯೆಟ್ ಕಾಲದಲ್ಲಿ ಎಂಜಿನ್ ತಿರುಗಿಸುತ್ತಿದ್ದುದು ಹಿಂದಿನ ಚಕ್ರಗಳನ್ನು. ಮುಂದಿನವು ತಳ್ಳಿಸಿಕೊಂಡು ಹೋಗುವವು. ರಸ್ತೆ ತಡೆದಾಗ, ಕೀಲುಗಳಲ್ಲಿರುವ ಸ್ವಲ್ಪ ಸಡಿಲದಿಂದಾಗಿ, ಅವುಗಳ ಮೂತಿ ಹೊರಕ್ಕೆ ತಿರುಗಲು ನೋಡುತ್ತದೆ. ಅದಕ್ಕಾಗಿ ಗಾಡಿ ನಿಂತಿರುವಾಗಲೇ ಮೂತಿಯನ್ನು ಒಂದಿಷ್ಟು ಒಳಕ್ಕೆ ಇಡುತ್ತಿದ್ದರು. ಅದೇ ಟೋ-ಇನ್. ಓಡುವಾಗ ಎರಡೂ ನೇರವಾಗುತ್ತಿದ್ದವು. ಹಿಂದೆ ಪಟ್ಟಿ ಸ್ಪ್ರಿಂಗಿನ ಮೇಲೆ ಒಂದೇ ಗಟ್ಟಿ ಅಚ್ಚು, ಅಲ್ಲಿ ತಿದ್ದುವುದಕ್ಕೆ ಏನೂ ಇರಲಿಲ್ಲ.

ಮುಂದಿನ ಚಕ್ರವೇ ಗಾಡಿಯನ್ನು ಎಳೆಯುವ ಪದ್ಧತಿಗೆ ಫ್ರಾನ್ಸಿನ ಸಿಟ್ರೊಯೆನ್ 1934ರಲ್ಲಿ, ಇಂಗ್ಲೆಂಡಿನ ಮಿನಿ 1959ರಲ್ಲಿ ಹೆಸರು ತಂದುಕೊಟ್ಟವು. ನಮ್ಮ ಬೀದಿಗಳಿಗೆ ಅದನ್ನು ತಂದದ್ದು ಮಾರುತಿ 800. ಅದರ ಮೊದಲ ಗಾಡಿ ಗಿರಾಕಿಯ ಕೈಸೇರಿದ್ದು 1983ರ ಡಿಸೆಂಬರ್ 14ರಂದು.

ಇಲ್ಲಿ ಲೆಕ್ಕ ತಿರುಗುಮುರುಗು. ಎಂಜಿನ್ ಬಲ ಮುಂದಿನ ಚಕ್ರಕ್ಕೇ ಬರುವುದರಿಂದ ಅದರ ಮೂತಿ ಒಳಕ್ಕೆ ಸರಿಯಲು ನೋಡುತ್ತದೆ. ಹಾಗಾಗಿ ಇಂಥ ಬಹಳಷ್ಟು ಗಾಡಿಗಳಿಗೆ ಟೋ ಸೊನ್ನೆಗೆ ಹತ್ತಿರ, ಕೆಲವಕ್ಕೆ ತುಸು ಹೊರಕ್ಕೆ. (ಎಲ್ಲದಕ್ಕೂ ಒಂದೇ ಅಂಕಿಯಲ್ಲ. ಕಂಪನಿಯ ಪುಸ್ತಕದಲ್ಲಿ ಇರುವುದೇ ಪ್ರಮಾಣ.) ಅಂಬಾಸಿಡರಿನ ಕೈವಾಡಿಕೆಯಲ್ಲೇ ಮಾರುತಿಯನ್ನೂ ಕೂಡಿಸಿದರೆ ಮೊದಲು ತೆರುವುದು ಟಯರಿನ ಹೊರ ಅಂಚು. ಗಾಡಿಯವನಿಗೆ ಇದು ಸಣ್ಣ ಖರ್ಚಲ್ಲ.

ಕೆಲವು ಕಾರುಗಳಲ್ಲಿ ಹಿಂದಿನ ಚಕ್ರಗಳೂ ಬಿಡಿಬಿಡಿಯಾದ ಮೇಲೆ ನಾಲ್ಕನ್ನೂ ಒಟ್ಟಿಗೆ ಅಳೆಯಬೇಕಾಯಿತು. ಹಿಂದಿನವು ಓರೆಯಾಗಿದ್ದರೆ, ಗಾಡಿ ನೇರ ಓಡುವಾಗಲೂ ಸ್ಟೇರಿಂಗ್ ಸೊಟ್ಟಗೆ ನಿಲ್ಲುತ್ತದೆ.

ಯಂತ್ರವಿಲ್ಲದೆ ನೋಡಲು ಅಂಗೈ ಸಾಕು. ಮುಂದಿನ ಟಯರಿನ ಹಲ್ಲುಗಳ ಮೇಲೆ ಹೊರಗಿನಿಂದ ಒಳಕ್ಕೆ ಸವರಿದಾಗ ನುಣುಪಾಗಿ, ಒಳಗಿನಿಂದ ಹೊರಕ್ಕೆ ಎಳೆದಾಗ ಗರಗಸದಂತೆ ತಾಗಿದರೆ ಟೋ-ಇನ್ ಹೆಚ್ಚಾಗಿದೆ. ಎದುರು ದಿಕ್ಕಿನಲ್ಲಿ ತಾಗಿದರೆ ಟೋ-ಔಟ್ ಹೆಚ್ಚು.